ಮಾಡೆಲ್ ಕಾರಿಗೆ ಕೈಯಾರೆ ಡೀಟೇಲ್: ಯಾವ ಭಾಗಕ್ಕೆ ಯಾವ ವಸ್ತು ಸರಿ?

ಕಿಟ್‌ನಲ್ಲಿ ಬಂದದ್ದನ್ನು ಅಂಟಿಸಿ ಬಣ್ಣ ಹೊಡೆದರೆ ಕಾರೇನೋ ಆಗುತ್ತದೆ. ಆದರೆ ಬಾನೆಟ್ ಎತ್ತಿ ನೋಡಿದರೆ ಎಂಜಿನ್ ಬೋಳು ಬೋಳು. ಪ್ಲಗ್ ವೈರ್ (ಸ್ಪಾರ್ಕ್ ಪ್ಲಗ್ಗಿಗೆ ಹೋಗುವ ವೈರ್) ಇಲ್ಲ, ಬ್ರೇಕ್ ಪೈಪ್ ಇಲ್ಲ, ಬ್ಯಾಟರಿಯಿಂದ ಒಂದು ಕೇಬಲ್ಲೂ ಹೊರಟಿಲ್ಲ. ಕಿಟಕಿಯಲ್ಲಿ ಇಣುಕಿದರೆ ಸೀಟಿಗೆ ಬೆಲ್ಟ್ ಇಲ್ಲ, ನೆಲಕ್ಕೆ ಕಾರ್ಪೆಟ್ ಇಲ್ಲ. ಇದನ್ನೆಲ್ಲ ಕೈಯಾರೆ ಮಾಡಿ ಸೇರಿಸುವುದೇ ಸ್ಕ್ರ್ಯಾಚ್ ಬಿಲ್ಡಿಂಗ್. ತೊಡಕು ಏನೆಂದರೆ, ಒಂದೊಂದು ಭಾಗಕ್ಕೂ ನಾಲ್ಕೈದು ದಾರಿ ಇವೆ. ತಾಮ್ರದ ತಂತಿಯೋ, ಸೀಸದ್ದೋ? ರಿಬ್ಬನ್ನೋ, ಟೇಪೋ? ಪ್ಲಾಸ್ಟಿಕ್ಕೋ, ಹಿತ್ತಾಳೆಯೋ?

ನಾನು ಮೂರು ಪ್ರಶ್ನೆ ಇಟ್ಟುಕೊಂಡು ಆರಿಸುತ್ತೇನೆ. ದಪ್ಪ ಸರಿಯಾ? ಅಸಲಿ ಭಾಗ ಬಾಗುವ ಹಾಗೆ ಇದೂ ಬಾಗುತ್ತದಾ? ಬಣ್ಣ ಹಿಡಿಯುತ್ತದಾ? ಇದೇ ಕ್ರಮದಲ್ಲಿ. ಬಣ್ಣವನ್ನು ಆಮೇಲೆ ಸರಿ ಮಾಡಿಕೊಳ್ಳಬಹುದು. ದಪ್ಪ ತಪ್ಪಿದರೆ ಏನು ಮಾಡಿದರೂ ಅದು ಆಟಿಕೆಯೇ. ದುಡ್ಡು ಕೊಟ್ಟು ತಂದ ದಪ್ಪ ವೈರಿಗಿಂತ ಹಾಳಾದ ಕೇಬಲ್ಲಿನಿಂದ ಕಿತ್ತ ಸಣ್ಣ ಎಳೆ ಎಷ್ಟೋ ವಾಸಿ.

ಮೊದಲು ಭಾಗಾಕಾರ

ಅಸಲಿ ಕಾರಿನ ಅಳತೆಯನ್ನು ಸ್ಕೇಲ್‌ನಿಂದ ಭಾಗಿಸಿ. ಸ್ಕೇಲ್ ಎಂದರೆ ಮಾಡೆಲ್ ಅಸಲಿಗಿಂತ ಎಷ್ಟು ಪಟ್ಟು ಚಿಕ್ಕದು ಅನ್ನುವುದು, 1:24 ಅಂದರೆ 24ರಿಂದ ಭಾಗಿಸಿ. ಅಷ್ಟೇ ಲೆಕ್ಕ. ಇದನ್ನು ಮಾಡದೆ ಸುಮ್ನೆ ಕಣ್ಣಳತೆಯಲ್ಲಿ ಹೋದರೆ ಹೆಚ್ಚು ಕಡಿಮೆ ಎಲ್ಲವೂ ದಪ್ಪವಾಗಿಯೇ ಬರುತ್ತದೆ.

ಅಸಲಿ ಪ್ಲಗ್ ವೈರ್ ಸಾಮಾನ್ಯವಾಗಿ 7 ಅಥವಾ 8 ಮಿ.ಮೀ. ದಪ್ಪ. 1:24ರಲ್ಲಿ ಅದು ಸುಮಾರು 0.3 ಮಿ.ಮೀ. ಬ್ರೇಕ್ ಪೈಪ್ 4.75 ಮಿ.ಮೀ., ಅಂದರೆ 0.2. ಹೀಟರ್ ಹೋಸ್ ಹೊರಗಿನಿಂದ 22-24 ಮಿ.ಮೀ., ಅಂದರೆ ಸುಮಾರು 1 ಮಿ.ಮೀ. ರೇಡಿಯೇಟರ್‌ನ ಮೇಲಿನ ಹೋಸ್ 40ರಿಂದ 45, ಅಂದರೆ 1.7ರಿಂದ 1.9. ಸೀಟ್ ಬೆಲ್ಟ್‌ನ ಪಟ್ಟಿ 47 ಮಿ.ಮೀ. ಅಗಲ, ಅಂದರೆ ಸರಿಸುಮಾರು 2. ಜಪಾನಿನ ಕಿಟ್‌ಗಳಲ್ಲಿ 1:24 ಜಾಸ್ತಿ, ಅಮೆರಿಕದ ಹಳೆಯ ಕಾರುಗಳ ಕಿಟ್‌ಗಳಲ್ಲಿ 1:25 ಜಾಸ್ತಿ. ಈ ಎರಡರ ನಡುವಿನ ವ್ಯತ್ಯಾಸ ವೈರಿನ ಮಟ್ಟದಲ್ಲಿ ಕಣ್ಣಿಗೆ ಬೀಳುವುದಿಲ್ಲ. 1:12 ಆದರೆ ಎಲ್ಲವನ್ನೂ ದುಪ್ಪಟ್ಟು ಮಾಡಿ. 1:43 ಆದರೆ ಪ್ಲಗ್ ವೈರ್ 0.2ಕ್ಕಿಂತ ಸಣ್ಣ. ಅಲ್ಲಿ ಕೂದಲೆಳೆಯಂಥ ತಂತಿ ಬೇಕು. ಬಾನೆಟ್ ಮುಚ್ಚಿಯೇ ಇಡುವುದು ಇನ್ನೂ ಒಳ್ಳೆಯದು.

ಬಾನೆಟ್ ವಿಷಯ ಬಂತಲ್ಲ, ಅದನ್ನೂ ಮೊದಲೇ ತೀರ್ಮಾನಿಸಿ. ಬಾನೆಟ್ ಅಂಟಿಸಿಬಿಡುವ ಕಾರಿಗೆ ಎಂಜಿನ್ ವೈರಿಂಗ್ ಮಾಡಿ ಕೂರಬೇಡಿ. ಆ ಸಂಜೆಗಳನ್ನು ಕ್ಯಾಬಿನ್‌ಗೆ, ಗ್ರಿಲ್‌ಗೆ, ಹೆಡ್‌ಲೈಟ್‌ಗೆ ಕೊಡಿ. ಕಣ್ಣು ಮೊದಲು ಹೋಗುವುದು ಕಾರಿನ ಮುಖಕ್ಕೆ, ಆಮೇಲೆ ಚಕ್ರಕ್ಕೆ, ಆಮೇಲೆ ಕಿಟಕಿಯೊಳಗೆ.

ಪ್ಲಗ್ ವೈರ್: ಅತಿ ಹೆಚ್ಚು ತಪ್ಪು ಆಯ್ಕೆ ಆಗುವ ಜಾಗ

ಆರಿಸುವ ಮೊದಲು ಒಂದು ಮಾತು. ನಿಮ್ಮ ಕಾರಿಗೆ ಪ್ಲಗ್ ವೈರ್ ಇದೆಯಾ? ಈಚಿನ ಬಹುಪಾಲು ಪೆಟ್ರೋಲ್ ಎಂಜಿನ್‌ಗಳಲ್ಲಿ ಪ್ರತಿ ಪ್ಲಗ್‌ನ ನೆತ್ತಿಯ ಮೇಲೇ ಕಿಡಿಗೆ ಕರೆಂಟು ಕೊಡುವ ಒಂದು ಕಾಯಿಲ್ ಕೂತಿರುತ್ತದೆ. ಡಿಸ್ಟ್ರಿಬ್ಯೂಟರ್ (ಕಾಯಿಲ್‌ನ ಕರೆಂಟನ್ನು ಪ್ಲಗ್‌ಗಳಿಗೆ ಸರದಿಯಂತೆ ಹಂಚುವ ಭಾಗ) ಇಲ್ಲ, ಉದ್ದನೆಯ ವೈರುಗಳೂ ಇಲ್ಲ. ಅಂಥ ಎಂಜಿನ್‌ಗೆ ಕೆಂಪು ವೈರು ಸಿಕ್ಕಿಸಿದರೆ ಗೊತ್ತಿದ್ದವರು ನಗುತ್ತಾರೆ. ಡೀಸೆಲ್‌ಗಂತೂ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಅಸಲಿ ಎಂಜಿನ್ನಿನ ಫೋಟೋ ಪಕ್ಕದಲ್ಲಿಟ್ಟುಕೊಂಡೇ ಕೆಲಸಕ್ಕೆ ಕೂರಿ.

ಇನ್ನು ವಸ್ತುಗಳು.

ಪ್ಲಾಸ್ಟಿಕ್ ಹೊದಿಕೆಯ, ಎಲೆಕ್ಟ್ರಾನಿಕ್ಸ್ ಕೆಲಸದ 30 ಗೇಜ್ ರ‍್ಯಾಪಿಂಗ್ ವೈರ್ ತುಂಬ ಜನ ಬಳಸುತ್ತಾರೆ. ಬಣ್ಣಬಣ್ಣದಲ್ಲಿ ಸಿಗುತ್ತದೆ, ಪೇಂಟ್ ಹೊಡೆಯುವ ತಲೆನೋವಿಲ್ಲ. ಆದರೆ ಹೊದಿಕೆ ಸೇರಿ ಅದರ ದಪ್ಪ ಸುಮಾರು 0.5 ಮಿ.ಮೀ. 1:24ರಲ್ಲಿ 12 ಮಿ.ಮೀ. ವೈರ್ ಆಯಿತು, ಅಸಲಿಯ ಒಂದೂವರೆ ಪಟ್ಟು. ಎಂಟು ವೈರ್ ಒಟ್ಟಿಗೆ ಸೇರಿದಾಗ ಎಂಜಿನ್ ಮೇಲೆ ಹಗ್ಗದ ಕಂತೆ ಬಿದ್ದ ಹಾಗಿರುತ್ತದೆ. ಅದೇ ವೈರ್ 1:16ಕ್ಕೆ ಅಳತೆ ತೆಗೆದು ಮಾಡಿಸಿದ ಹಾಗೆ ಕೂರುತ್ತದೆ, 1:12ಕ್ಕೂ ನಡೆಯುತ್ತದೆ. ಹಾಗಾಗಿ ಅದನ್ನು ದೊಡ್ಡ ಸ್ಕೇಲ್‌ಗೆ ಇಟ್ಟುಕೊಳ್ಳಿ.

ಎನಾಮಲ್ ಹೊದಿಕೆಯ ತಾಮ್ರದ ತಂತಿ ಹಾಳಾದ ಸಣ್ಣ ಮೋಟಾರು, ಟ್ರಾನ್ಸ್‌ಫಾರ್ಮರ್ ಬಿಚ್ಚಿದರೆ ಮೀಟರುಗಟ್ಟಲೆ ಸಿಗುತ್ತದೆ. 0.3 ಮಿ.ಮೀ.ದು ಹುಡುಕಿದರೆ ದಪ್ಪದ ಮಟ್ಟಿಗೆ ಚೊಕ್ಕ. ಕುಂದು ಎಂದರೆ ಬಿಗುವು. ರಬ್ಬರ್ ವೈರ್ ಜೋತು ಬೀಳುವ ಹಾಗೆ ಇದು ಬೀಳುವುದಿಲ್ಲ. ಒಮ್ಮೆ ಗೊಣಸು ಬಿದ್ದರೆ ಆ ಗುರುತು ಹೋಗುವುದೂ ಇಲ್ಲ. ಮೇಣದ ಬತ್ತಿಯ ಉರಿಯಲ್ಲಿ ಕೆಂಪಗೆ ಕಾಯಿಸಿದರೆ ತಾಮ್ರ ಮೆತ್ತಗಾಗುತ್ತದೆ, ಎನಾಮಲ್ ಸುಟ್ಟು ಹೋಗುತ್ತದೆ. ಕರಿ ಉಜ್ಜಿ ತೆಗೆದು ಪೇಂಟ್ ಹೊಡೆಯಬೇಕು.

ಸೀಸದ ತಂತಿ ಮೀನಿನ ಗಾಳಕ್ಕೆ ಹುಳು ಕಟ್ಟುವವರು ಬಳಸುವಂಥದ್ದು. 0.3 ಮಿ.ಮೀ. ದಪ್ಪದ್ದೂ ಸಿಗುತ್ತದೆ. 1:24ರ ಪ್ಲಗ್ ವೈರಿಗೆ ನನ್ನ ಮೊದಲ ಆಯ್ಕೆ ಇದೇ. ಬೆರಳಿನಿಂದ ನೂಕಿದ ಕಡೆ ಹೋಗುತ್ತದೆ, ಬಿಟ್ಟ ಕಡೆ ನಿಲ್ಲುತ್ತದೆ, ತನ್ನ ತೂಕಕ್ಕೆ ತಾನೇ ಜೋತು ಬಿದ್ದಂತೆ ಕಾಣುತ್ತದೆ. ಎಳೆದರೆ ತುಂಡಾಗುತ್ತದೆ, ಅಷ್ಟು ಜೋಪಾನ ಬೇಕು. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಸೀಸ ವಿಷ, ಅದನ್ನು ಹಲ್ಲಲ್ಲಿ ಕಚ್ಚಿ ತುಂಡು ಮಾಡುವ ಚಟ ಬೇಡವೇ ಬೇಡ.

ಎಲಾಸ್ಟಿಕ್ ದಾರವನ್ನು ಕೆಲವರು ಹೊಗಳುತ್ತಾರೆ. ಅದು ಯಾವಾಗಲೂ ಬಿಗಿದುಕೊಂಡೇ ಇರುತ್ತದೆ, ವೈರು ಬಟ್ಟೆ ಒಣಹಾಕುವ ತಂತಿಯಂತೆ ಕಾಣುತ್ತದೆ. ಹೊಲಿಗೆ ದಾರಕ್ಕೆ ಜುಂಗು. ಮೇಣ ಸವರಿದರೆ ಜುಂಗು ಕೂರುತ್ತದೆ, ಆದರೂ ಹತ್ತಿರದಿಂದ ನೋಡಿದರೆ ಅದು ದಾರವೇ. ಎರಡನ್ನೂ ಈ ಕೆಲಸಕ್ಕೆ ನಾನು ಕೈಬಿಟ್ಟಿದ್ದೇನೆ.

ಡಿಸ್ಟ್ರಿಬ್ಯೂಟರ್ ಕಡೆ ಬಂದರೆ ಎರಡು ದಾರಿ. ಒಂದು, ಕಿಟ್‌ನ ಮುಚ್ಚಳಕ್ಕೇ ಪಿನ್ ವೈಸ್ (ಬೆರಳಲ್ಲಿ ತಿರುಗಿಸುವ ಸಣ್ಣ ಡ್ರಿಲ್) ಹಿಡಿದು ತೂತು ಕೊರೆಯುವುದು. ವಿ8 (ಎಂಟು ಸಿಲಿಂಡರಿನ) ಎಂಜಿನ್ ಆದರೆ ಸುತ್ತ ಎಂಟು, ಕಾಯಿಲ್‌ನಿಂದ ಬರುವ ವೈರಿಗೆ ನಡುವೆ ಒಂದು. ಮುಚ್ಚಳದ ಅಗಲವೇ 3 ಮಿ.ಮೀ. ಆಸುಪಾಸು ಇರುವಾಗ ಒಂದು ತೂತು ಇನ್ನೊಂದಕ್ಕೆ ಸೇರಿಕೊಳ್ಳುವ ಅಪಾಯ ಇದ್ದೇ ಇದೆ. ಮೊದಲು ಸೂಜಿಮೊನೆಯಿಂದ ಚುಕ್ಕಿ ಒತ್ತಿಕೊಳ್ಳಿ. ಎದುರುಬದುರು ಎರಡು, ಅವುಗಳ ನಡುವೆ ಇನ್ನೆರಡು, ಆಮೇಲೆ ಉಳಿದ ನಾಲ್ಕು. 0.35ರ ಬಿಟ್ ಒತ್ತಿದರೆ ಮುರಿಯುತ್ತದೆ. ತಿರುಗಿಸುವುದಷ್ಟೇ ನಿಮ್ಮ ಕೆಲಸ, ಒತ್ತುವುದಲ್ಲ.

ಎರಡನೇ ದಾರಿ ಸುಲಭ. ಒಂಬತ್ತು ಎಳೆ ಬಿಗಿಯಾಗಿ ಹಿಡಿಸುವಷ್ಟು ಸಣ್ಣ ಕೊಳವೆಯ ಚೂರು ತೆಗೆದುಕೊಳ್ಳಿ. ಎಳೆಗಳನ್ನು ಅದರೊಳಗೆ ತೂರಿಸಿ, ಕೆಳಗಿನಿಂದ ಒಂದು ಹನಿ ಸೂಪರ್ ಗ್ಲೂ ಬಿಡಿ. ಒಣಗಿದ ಮೇಲೆ ತಳವನ್ನು ಮಟ್ಟಸವಾಗಿ ಕತ್ತರಿಸಿ, ಮೇಲಿನ ಎಳೆಗಳನ್ನು ಹೊರಗೆ ಬಾಗಿಸಿ. ಮುಚ್ಚಳದ ಆಕಾರ ಅಸಲಿಯಂತೆ ಬರುವುದಿಲ್ಲ, ಆದರೆ ಏರ್ ಫಿಲ್ಟರ್ ಕೆಳಗೆ ಅರ್ಧ ಮರೆಯಾಗುವ ಡಿಸ್ಟ್ರಿಬ್ಯೂಟರ್‌ಗೆ ಇದು ಧಾರಾಳ ಸಾಕು. ಎದ್ದು ಕಾಣುವ ಜಾಗದಲ್ಲಿದ್ದರೆ ಮಾತ್ರ ಕೊರೆಯುವ ಕಷ್ಟ ಪಡಿ.

ವೈರಿನ ಇನ್ನೊಂದು ತುದಿಗೆ ರಬ್ಬರ್ ಟೋಪಿ ಬೇಕಲ್ಲ, ಅದಕ್ಕೆ ತುದಿಯನ್ನು ಪಿವಿಎ ಅಂಟಿನಲ್ಲಿ (ಫೆವಿಕಾಲ್ ಥರದ ಬಿಳಿ ಅಂಟು) ಎರಡು ಸಲ ಅದ್ದಿ ಒಣಗಿಸಿ. ಉಬ್ಬು ಬರುತ್ತದೆ, ಕಪ್ಪು ಹೊಡೆದರೆ ಮುಗಿಯಿತು.

ಯಾವ ವೈರ್ ಯಾವ ಪ್ಲಗ್‌ಗೆ ಅನ್ನುವುದನ್ನು ಎಷ್ಟು ಜನ ನೋಡುತ್ತಾರೆ ಅಂತ ಕೇಳಬಹುದು. ಕೆಲವರು ನೋಡೇ ನೋಡುತ್ತಾರೆ! ಸಾಲಾಗಿ ನಾಲ್ಕು ಸಿಲಿಂಡರ್ ಇರುವ ಎಂಜಿನ್‌ಗಳಲ್ಲಿ ಕಿಡಿಯ ಸರದಿ ಹೆಚ್ಚಾಗಿ 1-3-4-2. ಷೆವ್ರೊಲೆಯ ಹಳೆಯ ಸ್ಮಾಲ್ ಬ್ಲಾಕ್ ವಿ8ಗೆ 1-8-4-3-6-5-7-2. ಅದರ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಹಿಂಭಾಗದಲ್ಲಿದೆ, ಮೇಲಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಎಡಸಾಲಿನಲ್ಲಿ 1, 3, 5, 7, ಬಲಸಾಲಿನಲ್ಲಿ 2, 4, 6, 8. ಈ ಸರದಿಯಲ್ಲೇ ಜೋಡಿಸಿದರೆ ವೈರುಗಳು ಒಂದರ ಮೇಲೊಂದು ಹಾಯುವ ರೀತಿಯೂ ತಾನಾಗಿ ಅಸಲಿಯಂತೆ ಬರುತ್ತದೆ. ಅದಕ್ಕೇ ಈ ಶ್ರಮ ದಂಡವಲ್ಲ.

ಪೈಪು, ಹೋಸು, ಕೇಬಲ್ಲು

ಬ್ರೇಕ್ ಪೈಪಿಗೆ ಏನನ್ನೂ ಕೊಳ್ಳಬೇಕಾಗಿಲ್ಲ. ಮನೆಯ ವೈರಿಂಗ್ ಹೊದಿಕೆ ಸುಲಿದರೆ ಒಳಗಿರುವ ಒಂದೊಂದು ತಾಮ್ರದ ಎಳೆ ಕೆಲವು ವೈರುಗಳಲ್ಲಿ 0.2 ಮಿ.ಮೀ. ಇರುತ್ತದೆ. 1:24ಕ್ಕೆ ಅದು ಸರಿಯಾಗಿ ಬ್ರೇಕ್ ಪೈಪ್. ಇಲ್ಲಿ ತಾಮ್ರದ ಬಿಗುವೇ ಅನುಕೂಲ, ಯಾಕೆಂದರೆ ಅಸಲಿಯೂ ಬಿಗಿಯಾದ ಲೋಹದ ಕೊಳವೆ. ಎಳೆಯನ್ನು ಗಾಜಿನ ಮೇಲಿಟ್ಟು ಸ್ಟೀಲ್ ಸ್ಕೇಲ್‌ನಿಂದ ಉರುಳಿಸಿ ನೇರ ಮಾಡಿ, ತಿರುವುಗಳನ್ನು ಚಿಮಟದಲ್ಲಿ ಹಿಡಿದು ಬಾಗಿಸಿ.

ಬ್ಯಾಟರಿ ಕೇಬಲ್‌ಗೆ ಮತ್ತು ಹೀಟರ್ ಹೋಸ್‌ಗೆ ಒಂದೇ ಹಳೆಯ ಲ್ಯಾನ್ ಕೇಬಲ್ ಸಾಕು. ಅದರೊಳಗಿನ ಎಂಟು ವೈರುಗಳಲ್ಲಿ ಒಂದೊಂದೂ ಹೊದಿಕೆ ಸೇರಿ 0.9-1 ಮಿ.ಮೀ., ಅಂದರೆ ಹೀಟರ್ ಹೋಸ್. ಒಳಗಿನ ತಾಮ್ರ ಸುಮಾರು 0.5 ಮಿ.ಮೀ. ಕಪ್ಪು ಬಳಿದರೆ ದಪ್ಪ ಬ್ಯಾಟರಿ ಕೇಬಲ್. ಹೊದಿಕೆಯ ಹೊಳಪನ್ನು ಮ್ಯಾಟ್ ವಾರ್ನಿಶ್‌ನಿಂದ ಕೊಲ್ಲುವುದು ಮರೆಯಬೇಡಿ. ರಬ್ಬರ್ ಅಷ್ಟು ಹೊಳೆಯುವುದಿಲ್ಲ.

ರೇಡಿಯೇಟರ್ ಹೋಸ್‌ಗೆ ಬೆಸುಗೆ ತಂತಿ ಅನ್ನುವುದು ಹಳೆಯ ಸಲಹೆ. ನಿಜ, ಅದು ಬಾಗಿಸಿದ ಹಾಗೆ ನಿಲ್ಲುತ್ತದೆ. ಆದರೂ ನನ್ನ ಮಾತು ಕೇಳುವುದಾದರೆ, ಕಿಟ್‌ನಲ್ಲೇ ಬಂದಿರುವ ಹೋಸನ್ನು ಬಿಸಾಡಬೇಡಿ. ಅದರ ಆಕಾರ ಸಾಮಾನ್ಯವಾಗಿ ಸರಿ ಇರುತ್ತದೆ. ಅಚ್ಚಿನ ಗೆರೆಯನ್ನು ಉಜ್ಜಿ ತೆಗೆದು, ಮ್ಯಾಟ್ ಕಪ್ಪು ಹೊಡೆದು, ಎರಡು ತುದಿಗೂ ಕ್ಲಾಂಪ್ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕ್ಲಾಂಪ್‌ಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು 0.5 ಮಿ.ಮೀ. ಅಗಲದ ಪಟ್ಟಿಯಾಗಿ ಕತ್ತರಿಸಿ ಸುತ್ತಿ. ಕಿಟ್‌ನಲ್ಲಿ ಹೋಸ್ ಇಲ್ಲದಿದ್ದರೆ, ಅಥವಾ ಬೇರೆ ಎಂಜಿನ್ ಕೂರಿಸಿದ್ದರೆ, ಆಗ ಬೆಸುಗೆ ತಂತಿ.

ರೇಸ್ ಕಾರುಗಳ ಸ್ಟೀಲ್ ಹೆಣಿಗೆಯ ಹೋಸ್ ಬೇರೆ ಕಥೆ. ಗಿಟಾರ್ ತಂತಿ ಬಳಸಿ ಅನ್ನುವವರಿದ್ದಾರೆ. ಎಲೆಕ್ಟ್ರಿಕ್ ಗಿಟಾರಿನ ಸಾಮಾನ್ಯ 10-46 ಸೆಟ್‌ನಲ್ಲಿ ನಾಲ್ಕನೇ ತಂತಿ 0.66 ಮಿ.ಮೀ. ದಪ್ಪ ಸರಿಹೋಗುತ್ತದೆ. ಆದರೆ ಅದು ಸುರುಳಿ ಸುತ್ತಿದ ತಂತಿ, ಹೆಣೆದದ್ದಲ್ಲ. ಒಳಗಿನ ಸ್ಟೀಲ್ ಗಡುಸು, ಸಣ್ಣ ತಿರುವಿನಲ್ಲಿ ಬಾಗುವುದಿಲ್ಲ, ಕತ್ತರಿಸಿದರೆ ಕಟರ್‌ನ ಅಲಗು ಹೋಗುತ್ತದೆ. ನೇರವಾಗಿ ಹೋಗುವ ಹೋಸ್‌ಗೆ, ಅದೂ ಸುಕ್ಕು ಮೈಯ ಹೋಸ್‌ಗೆ ಚಂದ. ಹೆಣಿಗೆ ಬೇಕೆಂದರೆ ಮಾಡೆಲ್‌ಗಾಗಿಯೇ ಮಾರುವ ಲೋಹದ ಹೆಣಿಗೆ ಕೊಳವೆಗೇ ದುಡ್ಡು ಹಾಕಿ. ಕತ್ತರಿಸುವ ಮೊದಲು ಆ ಜಾಗಕ್ಕೆ ತೆಳ್ಳನೆ ಸೂಪರ್ ಗ್ಲೂ ತಾಗಿಸಿ, ಇಲ್ಲದಿದ್ದರೆ ತುದಿ ಬಿಚ್ಚಿಕೊಳ್ಳುತ್ತದೆ. ಅದರ ಕೆಂಪು, ನೀಲಿ ಜೋಡಣೆಗಳಿಗೆ ಸಣ್ಣ ಅಲ್ಯೂಮಿನಿಯಂ ಕೊಳವೆಯ ಚೂರು ಹಾಕಿ, ಮೇಲೆ ಟಮಿಯಾ ಕಂಪನಿಯ ಪಾರದರ್ಶಕ ಬಣ್ಣಗಳಾದ ಎಕ್ಸ್-27 ಕ್ಲಿಯರ್ ರೆಡ್, ಎಕ್ಸ್-23 ಕ್ಲಿಯರ್ ಬ್ಲೂ ಬಳಿಯಿರಿ. ಆನೊಡೈಸ್ ಮಾಡಿದ ಲೋಹದ ಹೊಳಪು ಒಳಗಿನಿಂದಲೇ ಬರುತ್ತದೆ.

ಸೀಟ್ ಬೆಲ್ಟ್

ಇಲ್ಲಿ ರಿಬ್ಬನ್, ಮಾಸ್ಕಿಂಗ್ ಟೇಪ್, ಫಾಯಿಲ್, ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಮುದ್ರಿತ ಚಿತ್ರ) ನಡುವೆ ಪೈಪೋಟಿ.

ರಿಬ್ಬನ್‌ಗೆ ನೇಯ್ಗೆ ಇದೆ, ಹಾಗಾಗಿ ಅಸಲಿಯಂತೆ ಕಾಣಬೇಕು ಅನ್ನಿಸುತ್ತದೆ. ಮೋಸ ಹೋಗಬೇಡಿ. ಅಸಲಿ ಬೆಲ್ಟ್ ಒಂದು ಮಿಲಿಮೀಟರಿಗಿಂತ ತುಸು ದಪ್ಪ ಅಷ್ಟೇ. 1:24ರಲ್ಲಿ ಅದು 0.05. ರಿಬ್ಬನ್ನಿನ ಒಂದೊಂದು ದಾರವೇ ಅದಕ್ಕಿಂತ ದಪ್ಪ. ಮೇಲಾಗಿ ಅದು ಸೀಟಿನ ಮೇಲೆ ಮಲಗುವುದಿಲ್ಲ, ಸೆಟೆದು ನಿಲ್ಲುತ್ತದೆ. 1:12ರಲ್ಲಿ ಮಾತ್ರ ರಿಬ್ಬನ್ ಗೆಲ್ಲುತ್ತದೆ, ಅಲ್ಲಿ ನೇಯ್ಗೆ ಕಾಣಬೇಕಾದದ್ದೇ.

ಡೆಕಾಲ್ ತೀರಾ ಚಪ್ಪಟೆ. ಸೀಟಿಗೆ ಬಣ್ಣ ಬಳಿದಂತೆ ಕಾಣುತ್ತದೆ. ಕಿಟಕಿ ಮುಚ್ಚಿದ ಕಾರಿಗೆ ಪರವಾಗಿಲ್ಲ.

1:24ಕ್ಕೆ ನಾನು ಹೇಳುವುದು ಟೇಪ್ ಮತ್ತು ಫಾಯಿಲ್ ಜೋಡಿ. ಮಾಸ್ಕಿಂಗ್ ಟೇಪಿನ ಅಂಟು ಮೈಗೆ ಅಡುಗೆಮನೆಯ ಫಾಯಿಲ್ ಒತ್ತಿ. ಟೇಪಿನ ಮೈಯಲ್ಲಿ ಕಾಗದದ ಸಣ್ಣ ತರಿ ಇರುತ್ತದೆ, ಅದೇ ಬಟ್ಟೆಯಂತೆ ಕಾಣುತ್ತದೆ. ಫಾಯಿಲ್ ಇರುವುದರಿಂದ ಮಡಚಿದ ಹಾಗೆ, ತಿರುಚಿದ ಹಾಗೆ ನಿಲ್ಲುತ್ತದೆ. ಹೊಸ ಬ್ಲೇಡ್ ಹಾಕಿ 2 ಮಿ.ಮೀ. ಅಗಲಕ್ಕೆ ಕತ್ತರಿಸಿ. ಮೂರಿಂಚಿನ ರೇಸಿಂಗ್ ಬೆಲ್ಟ್ ಆದರೆ 3.2. ಬಣ್ಣ ಹೊಡೆದ ಮೇಲೆ ಸೀಟಿನ ಅಂಚಿನ ಮೇಲೆ ಇಟ್ಟು ಬೆರಳಿನಿಂದ ಮೆಲ್ಲಗೆ ಒತ್ತಿ, ಒಂದು ಕಡೆ ಅರ್ಧ ತಿರುಚು ಕೊಡಿ. ಆ ಒಂದು ತಿರುಚೇ ಸಾಕು, ಕಣ್ಣು ಅದನ್ನು ಬಟ್ಟೆ ಅಂತಲೇ ನಂಬುತ್ತದೆ. ಕಡು ಕಪ್ಪು ಬೇಡ. ಕಪ್ಪಿಗೆ ತುಸು ಬೂದು ಬೆರೆಸಿ.

ಬಕಲ್ ವಿಚಾರದಲ್ಲಿ ಮಾತ್ರ ಕೈಯಾರೆ ಮಾಡುವ ಹಟ ಬಿಡಬಹುದು. ತಂತಿ ಬಾಗಿಸಿ ಮಾಡಿದ ಬಕಲ್ ಒಂದು ಚಂದ ಬಂದರೆ ಇನ್ನೊಂದು ಸೊಟ್ಟ. ಫೋಟೋ-ಎಚ್ (ರಾಸಾಯನಿಕದಿಂದ ಕೊರೆದು ಮಾಡಿದ) ಲೋಹದ ಹಾಳೆಯಲ್ಲಿ ಬರುವ ಬಕಲ್‌ಗಳು ಒಂದೇ ಅಚ್ಚಿನವು, ನಡುವಿನ ಸೀಳಿನಲ್ಲಿ ಬೆಲ್ಟ್ ತೂರುತ್ತದೆ. ಆ ಹಾಳೆಯ ಜೊತೆ ಲೋಹದ ಬೆಲ್ಟ್‌ಗಳೂ ಬರುತ್ತವೆ. ಅವನ್ನು ಪಕ್ಕಕ್ಕಿಡಿ, ಯಾವ ಜನ್ಮಕ್ಕೂ ಅವು ಬಟ್ಟೆಯಂತೆ ಮಲಗುವುದಿಲ್ಲ.

ಕಾರ್ಪೆಟ್

ನೈಲಾನ್ ಫ್ಲಾಕಿಂಗ್ ಅಥವಾ ಎಂಬಾಸಿಂಗ್ ಪುಡಿ. ಮೂರನೆಯದು ವೆಲ್ವೆಟ್ ಬಟ್ಟೆ. ಅದರ ದಪ್ಪ ನೋಡಿದರೆ ಕಾರಿನಲ್ಲಿ ಹುಲ್ಲುಹಾಸು ಬೆಳೆದಂತಾಗುತ್ತದೆ, ಬಿಟ್ಟುಬಿಡಿ.

ಫ್ಲಾಕಿಂಗ್ ಎಂದರೆ ಸಣ್ಣ ಸಣ್ಣ ನೈಲಾನ್ ಎಳೆಗಳು. ಎಳೆ 0.5 ಮಿ.ಮೀ. ಇದ್ದರೆ 1:24ರಲ್ಲಿ 12 ಮಿ.ಮೀ. ಎತ್ತರದ ಕಾರ್ಪೆಟ್. ಐಷಾರಾಮಿ ಕಾರಿಗೆ ಒಪ್ಪುತ್ತದೆ. ಎಳೆಗಳು ನೆಟ್ಟಗೆ ನಿಲ್ಲಬೇಕೆಂದರೆ ಸ್ಥಿರ ವಿದ್ಯುತ್ತಿನ ಸಾಧನ ಬೇಕು. ಸುಮ್ನೆ ಜರಡಿಯಿಂದ ಉದುರಿಸಿದರೆ ಅರ್ಧಕ್ಕರ್ಧ ಅಡ್ಡ ಬೀಳುತ್ತವೆ. ತಿಂಗಳುಗಟ್ಟಲೆ ಒಂದೊಂದೇ ಎಳೆ ಬಿಟ್ಟುಕೊಂಡು ಕಿಟಕಿ ಗಾಜಿಗೆ ಅಂಟುವುದೂ ಉಂಟು.

ಎಂಬಾಸಿಂಗ್ ಪುಡಿ ಕಾಗದದ ಕರಕುಶಲಕ್ಕೆ ಮಾರುವುದು. ಕಾಳು ಕಾಳಾಗಿರುವುದರಿಂದ ಅದಕ್ಕೆ ದಿಕ್ಕೆಂಬುದಿಲ್ಲ. ಹೇಗೆ ಬಿದ್ದರೂ ಒಂದೇ. ಹಳೆಯ ಕಾರುಗಳ ಗುಂಗುರು ಕಾರ್ಪೆಟ್‌ನಂತೆ ಕಾಣುತ್ತದೆ. ನೆಲಕ್ಕೆ ಕಾರ್ಪೆಟ್ಟಿನದೇ ಬಣ್ಣದ ಮ್ಯಾಟ್ ಪೇಂಟ್ ದಪ್ಪಗೆ ಬಳಿದು, ಒದ್ದೆ ಇರುವಾಗಲೇ ಉದುರಿಸಿ. ಒಣಗಿದ ಮೇಲೆ ತಲೆಕೆಳಗು ಮಾಡಿ ತಟ್ಟಿ. ಬೋಳು ಉಳಿದ ಕಡೆ ಮತ್ತೆ ಹಾಗೇ. ಬಿಸಿಗಾಳಿ ಮಾತ್ರ ತೋರಿಸಬೇಡಿ, ಅದು ಕರಗುವುದಕ್ಕೆಂದೇ ಮಾಡಿದ ಪುಡಿ. ಅಪರೂಪದ ಬಣ್ಣ ಬೇಕಿದ್ದರೆ ಮೇಲಿನಿಂದ ಏರ್ ಬ್ರಷ್‌ನಲ್ಲಿ ತೆಳ್ಳಗೆ ಹೊಡೆಯಬಹುದು, ತರಿ ಮುಚ್ಚಿಹೋಗುವುದಿಲ್ಲ. ಹತ್ತರಲ್ಲಿ ಒಂಬತ್ತು ಕಾರಿಗೆ ಪುಡಿಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಹಾಗಂತ ಎಲ್ಲ ಕಾರಿಗೂ ಕಾರ್ಪೆಟ್ ಹಾಸಬೇಡಿ. ಹಳೆಯ ಪಿಕಪ್ಪುಗಳಿಗೆ ಇದ್ದದ್ದು ರಬ್ಬರ್ ಮ್ಯಾಟ್. ರ‍್ಯಾಲಿ ಕಾರಿನಲ್ಲಿ ಬರೀ ಲೋಹ.

ರೋಲ್ ಕೇಜ್: ಪ್ಲಾಸ್ಟಿಕ್ಕಾ, ಹಿತ್ತಾಳೆಯಾ?

ರ‍್ಯಾಲಿ ಕಾರು ಅಂದಮೇಲೆ ಕೇಜ್ ಬಂತು, ಅಂದರೆ ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಕೊಳವೆಗಳ ಪಂಜರ. ಎಫ್‌ಐಎ (ಕಾರ್ ರೇಸಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದಲ್ಲಿ ಮುಖ್ಯ ಕಮಾನಿನ ಕೊಳವೆ ಕನಿಷ್ಠ 45 ಅಥವಾ 50 ಮಿ.ಮೀ., ಉಳಿದವು 38 ಅಥವಾ 40. 1:24ರಲ್ಲಿ ಕ್ರಮವಾಗಿ 1.9-2.1 ಮತ್ತು 1.6-1.7. ಹಾಗಾಗಿ 2 ಮಿ.ಮೀ. ಮತ್ತು 1.6 ಮಿ.ಮೀ. ಕಡ್ಡಿ ತಂದರೆ ಲೆಕ್ಕ ಕೂಡಿತು. ಎಲ್ಲ ಕಡೆ ಒಂದೇ ದಪ್ಪ ಹಾಕಿದ ಕೇಜ್ ಕಣ್ಣಿಗೆ ಏನೋ ತಪ್ಪಿದಂತೆ ಕಾಣುವುದು ಇದಕ್ಕೇ.

ಸ್ಟೈರೀನ್ (ಕಿಟ್‌ಗೆ ಬಳಸುವ ಪ್ಲಾಸ್ಟಿಕ್) ಕಡ್ಡಿಯ ದೊಡ್ಡ ಗುಣ ಅದರ ಬೆಸುಗೆ. ದ್ರವ ಸಿಮೆಂಟ್ (ಪ್ಲಾಸ್ಟಿಕ್ ಕರಗಿಸಿ ಕೂಡಿಸುವ ಅಂಟು) ತಾಗಿಸಿದರೆ ಎರಡು ತುದಿಗಳೂ ಕರಗಿ ಒಂದಾಗುತ್ತವೆ. ಹತ್ತಾರು ಕೂಡುಗಳಿರುವ ಕೇಜ್‌ಗೆ ಇದಕ್ಕಿಂತ ಆರಾಮ ಇನ್ನೊಂದಿಲ್ಲ. ತುದಿಯನ್ನು ದುಂಡು ಅರದಿಂದ ಸ್ವಲ್ಪ ಕೊರೆದುಕೊಂಡರೆ ಇನ್ನೊಂದು ಕಡ್ಡಿಯ ಮೈಗೆ ತಬ್ಬಿಕೊಂಡು ಕೂರುತ್ತದೆ. ತೊಂದರೆ ಇರುವುದು ಬಾಗಿಸುವುದರಲ್ಲಿ. ಬಾಗಿಸಿ ಬಿಟ್ಟರೆ ಹಿಂದಕ್ಕೆ ಬರುತ್ತದೆ. ಬಿಸಿನೀರಿನಲ್ಲಿ ಅದ್ದಿ, ಬೇಕಾದ ಸುತ್ತಳತೆಯ ದುಂಡು ವಸ್ತುವಿನ ಮೇಲೆ ಬೇಕಾದ್ದಕ್ಕಿಂತ ತುಸು ಜಾಸ್ತಿ ಬಾಗಿಸಿ, ಅಲ್ಲೇ ತಣ್ಣೀರು ಹಾಕಿ.

ಹಿತ್ತಾಳೆ ಬಾಗಿದರೆ ಹಾಗೇ ನಿಲ್ಲುತ್ತದೆ, ಕೇಜ್ ಗಟ್ಟಿಯಾಗುತ್ತದೆ. ಆದರೆ ಒಂದು ಕೂಡು ಬೆಸೆಯುವಾಗ ಶಾಖ ಹರಿದು ಪಕ್ಕದ ಕೂಡು ಬಿಟ್ಟುಕೊಳ್ಳುತ್ತದೆ. ಒದ್ದೆ ಹತ್ತಿ ಸುತ್ತಿ, ಕ್ಲಿಪ್ ಹಾಕಿ ಕಾಯಬೇಕು. ಬೆಸುಗೆ ಈಗಾಗಲೇ ಕೈಗೆ ಹತ್ತಿದವರಿಗೆ, ಅಥವಾ 1:12 ಕಾರಿಗೆ ಸರಿ. ಕಾರಿನೊಳಗೆ ಹೋದ ಮೇಲೆ ಕೇಜ್ ಮೇಲೆ ಯಾವ ಭಾರವೂ ಬೀಳುವುದಿಲ್ಲ. ಗಟ್ಟಿತನ ಯಾಕೆ ಬೇಕು? ಸ್ಟೈರೀನ್ ಸಾಕು.

ಹಿತ್ತಾಳೆ ನಿಜಕ್ಕೂ ಬೇಕಾಗುವುದು ಬಾಗಿಲು, ಬಾನೆಟ್‌ಗಳ ಕೀಲುಗಳಿಗೆ. ದಿನಾ ತೆರೆದು ಮುಚ್ಚುವ ಜಾಗದಲ್ಲಿ ಪ್ಲಾಸ್ಟಿಕ್ ಸವೆಯುತ್ತದೆ. ಹಿತ್ತಾಳೆ ಕೊಳವೆಯೊಳಗೆ ಹಿತ್ತಾಳೆ ತಂತಿ ತಿರುಗಿದರೆ ವರ್ಷಗಟ್ಟಲೆ ಬಾಳುತ್ತದೆ.

ತೆಳು ತಗಡು, ಬೋಲ್ಟು, ಜಾಲರಿ

ಅಸಲಿ ಕಾರಿನ ತಗಡು ಸುಮಾರು 0.7-0.8 ಮಿ.ಮೀ. 1:24ಕ್ಕೆ 0.03. ಕಿಟ್‌ನ ಪ್ಲಾಸ್ಟಿಕ್ ಒಂದು ಮಿಲಿಮೀಟರೋ ಅದಕ್ಕಿಂತ ಜಾಸ್ತಿಯೋ ಇರುತ್ತದೆ. ಪೂರ್ತಿ ತೆಳ್ಳಗೆ ಮಾಡುವುದು ಆಗದ ಮಾತು. ಆದರೆ ನೋಡುವವರಿಗೆ ಕಾಣುವುದು ಅಂಚು ಮಾತ್ರ. ಚಕ್ರದ ಕಮಾನು, ಬಾನೆಟ್ಟಿನ ಅಂಚು, ಗಾಳಿಕಿಂಡಿಗಳನ್ನು ಒಳಗಿನಿಂದ ಓರೆಯಾಗಿ ಹೆರೆಯಿರಿ. ಇದಕ್ಕೆ ಯಾವ ವಸ್ತುವೂ ಬೇಡ, ಬ್ಲೇಡ್ ಮತ್ತು ತಾಳ್ಮೆ ಅಷ್ಟೇ. ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ದೊಡ್ಡ ಬದಲಾವಣೆ ಕೊಡುವ ಉಪಾಯ ಇನ್ನೊಂದು ನನಗೆ ಗೊತ್ತಿಲ್ಲ.

ಬ್ರಾಕೆಟ್, ಶಾಖದ ತಡೆ, ಮಡ್‌ಫ್ಲಾಪ್‌ಗಳಿಗೆ 0.25ರ ಸ್ಟೈರೀನ್ ಹಾಳೆಗಿಂತ ತಂಪು ಪಾನೀಯದ ಕ್ಯಾನ್ ಕತ್ತರಿಸಿದ ತಗಡು ಮೇಲು. ಅದು 0.1 ಮಿ.ಮೀ., ಮಡಚಿದರೆ ನಿಲ್ಲುತ್ತದೆ, ಉಜ್ಜಿದರೆ ಲೋಹವಾಗಿಯೇ ಹೊಳೆಯುತ್ತದೆ. ಅಂಚು ಕೈ ಕೊಯ್ಯುತ್ತದೆ, ಹುಷಾರು.

ಬೋಲ್ಟಿಗೆ ಆರು ಮೂಲೆಯ ಸ್ಟೈರೀನ್ ಕಡ್ಡಿಯನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುವುದು ಒಂದು ದಾರಿ, ರೆಡಿಮೇಡ್ ರೆಸಿನ್ ಬೋಲ್ಟ್ ಇನ್ನೊಂದು. ಎಂ8 (8 ಮಿ.ಮೀ. ದಪ್ಪದ) ಬೋಲ್ಟಿನ ತಲೆ 13 ಮಿ.ಮೀ., 1:24ಕ್ಕೆ 0.54. ಅಷ್ಟು ಸಣ್ಣದರಲ್ಲಿ ಆರು ಮೂಲೆ ಕಾಣುವುದೇ ಇಲ್ಲ, ದುಂಡು ಕಡ್ಡಿಯೂ ನಡೆಯುತ್ತದೆ. ಚಕ್ರದ ನಟ್ 19 ಮಿ.ಮೀ., ಅಂದರೆ 0.8. ಅಲ್ಲಿ ಮೂಲೆ ಕಾಣುತ್ತದೆ. ಹಾಗಾಗಿ ಆರು ಮೂಲೆಯ ಕಡ್ಡಿಯನ್ನು ಚಕ್ರಕ್ಕೆ ಉಳಿಸಿ.

ಗ್ರಿಲ್ ಜಾಲರಿಗೆ ಸ್ಟೀಲ್ ಮೆಶ್. ಪರದೆಯ ತೆಳು ಬಲೆಬಟ್ಟೆಯೂ ಆಗುತ್ತದೆ, ಆದರೆ ಎಳೆದು ಕೂರಿಸುವಾಗ ಕಣ್ಣುಗಳು ಸೊಟ್ಟಗಾಗುತ್ತವೆ.

ಬ್ಯಾಡ್ಜ್ ಮತ್ತು ಕ್ರೋಮ್

ಬಾಡಿಯ ಮೇಲೆ ಉಬ್ಬಿರುವ ಸಣ್ಣ ಹೆಸರುಗಳಿಗೆ ಕುಂಚದಲ್ಲಿ ಬೆಳ್ಳಿ ಬಣ್ಣ ತಾಗಿಸುವುದು ಜೂಜು. ಕೈ ನಡುಗಿದರೆ ಬಾಡಿಯ ಬಣ್ಣವೇ ಹಾಳು. ಬಣ್ಣಕ್ಕೆ ಮೊದಲೇ ಆ ಹೆಸರಿನ ಮೇಲೆ ಬೇರ್-ಮೆಟಲ್ ಫಾಯಿಲ್ (ಹಿಂದೆ ಅಂಟಿರುವ ತೀರಾ ತೆಳು ಲೋಹದ ಹಾಳೆ) ಹಚ್ಚಿ ಒತ್ತುವುದು ಒಳ್ಳೆಯ ದಾರಿ. ಅದರ ಮೇಲೇ ಪ್ರೈಮರ್, ಬಣ್ಣ ಎಲ್ಲ ಹೊಡೆಯಿರಿ. ಒಣಗಿದ ಮೇಲೆ ಅಕ್ಷರಗಳ ನೆತ್ತಿಯನ್ನಷ್ಟೇ ಥಿನ್ನರ್ ತಾಗಿಸಿದ ಕಡ್ಡಿಯಿಂದ ಅಥವಾ ನಯವಾದ ಪಾಲಿಷಿಂಗ್ ಬಟ್ಟೆಯಿಂದ ಉಜ್ಜಿದರೆ ಕೆಳಗಿನ ಲೋಹ ಮಿನುಗುತ್ತದೆ. ಬಣ್ಣದ ಪದರ ದಪ್ಪವಾದರೆ ಅಕ್ಷರ ಮುಚ್ಚಿಹೋಗುತ್ತದೆ, ತೆಳ್ಳಗೆ ಹೊಡೆಯಿರಿ. ಕಿಟಕಿಯ ಸುತ್ತಣ ಪಟ್ಟಿಗಳಿಗೂ ಇದೇ ಫಾಯಿಲ್, ಆದರೆ ಅದನ್ನು ಬಣ್ಣ ಆದ ಮೇಲೆ ಹಚ್ಚಬೇಕು. ಉಬ್ಬುತಗ್ಗು ಜಾಸ್ತಿ ಇರುವ ಕಡೆ ಮೊಲೊಟೊ ಕ್ರೋಮ್ ಪೆನ್ ಅನುಕೂಲ. ಅದು ಒಣಗಲು ದಿನಗಳೇ ಬೇಕು, ಬೆರಳು ತಾಗಿದರೆ ಮಂಕಾಗುತ್ತದೆ. ದೊಡ್ಡ ಬಂಪರ್‌ಗೆ ಹೊಳೆಯುವ ಕಪ್ಪಿನ ಮೇಲೆ ಆಲ್‌ಕ್ಲಾಡ್ ಎಂಬ ಲೋಹದ ಹೊಳಪಿನ ಬಣ್ಣ ಹೊಡೆಯುವುದು ಸರಿ. ಅದಕ್ಕೆ ಏರ್ ಬ್ರಷ್ ಇರಲೇಬೇಕು.

ತ್ರೀಡಿ ಪ್ರಿಂಟ್ ಇರುವಾಗ ಇದೆಲ್ಲ ಯಾಕೆ?

ನ್ಯಾಯವಾದ ಪ್ರಶ್ನೆ. ರೆಸಿನ್ ಪ್ರಿಂಟರ್‌ನಲ್ಲಿ ಸಾಮಾನ್ಯವಾಗಿ ಒಂದು ಪದರ 0.05 ಮಿ.ಮೀ., 1:24ರಲ್ಲಿ ಅದು 1.2 ಮಿ.ಮೀ. ಮೆಟ್ಟಿಲು. ಇಳಿಜಾರು ಮೈಗಳಲ್ಲಿ ಆ ಗೆರೆ ಬಣ್ಣದ ಕೆಳಗೂ ಕಾಣಬಹುದು. ಆದರೂ ಕಾರ್ಬ್ಯುರೇಟರ್, ಬ್ರೇಕ್ ಕ್ಯಾಲಿಪರ್, ಆಲ್ಟರ್ನೇಟರ್‌ನಂಥ ಗಡ್ಡೆಗಟ್ಟಿದ, ಸೂಕ್ಷ್ಮ ಆಕಾರಗಳಲ್ಲಿ ಕೈ ಅದರ ಮುಂದೆ ಸೋಲುತ್ತದೆ. ಅದೂ ನಾಲ್ಕು ಒಂದೇ ರೀತಿ ಬೇಕಿದ್ದರೆ ಪ್ರಿಂಟೇ ಸರಿ. ಉದ್ದ, ಸಣ್ಣ, ಬಾಗುವ ಭಾಗಗಳಲ್ಲಿ ಲೆಕ್ಕ ತಿರುಗುತ್ತದೆ. ಪ್ರಿಂಟ್ ಮಾಡಿದ 0.3ರ ವೈರ್ ಮುಟ್ಟಿದರೆ ಪುಡಿ. ಗಡ್ಡೆ ಪ್ರಿಂಟಿಗೆ, ಎಳೆ ಕೈಗೆ. ನಾನು ಹೀಗೆ ಹಂಚಿಕೊಂಡಿದ್ದೇನೆ.

ಅಂಟು

ಸ್ಟೈರೀನ್‌ಗೆ ಸ್ಟೈರೀನ್ ಅಂಟಿಸಲು ತೆಳು ದ್ರವ ಸಿಮೆಂಟ್. ಲೋಹ, ರೆಸಿನ್ ಬಂದರೆ ಅದು ಕೆಲಸ ಮಾಡುವುದಿಲ್ಲ, ಸೂಪರ್ ಗ್ಲೂ ಬೇಕು. ತಂತಿಯ ತುದಿಗೆ ಬಾಟಲಿಯಿಂದ ನೇರ ಹಾಕಬೇಡಿ. ಒಂದು ಹನಿಯನ್ನು ಹಳೆಯ ಡಬ್ಬಿ ಮುಚ್ಚಳದ ಮೇಲೆ ಬಿಟ್ಟು, ಸೂಜಿಯ ಹಿಂದಿನ ಕಣ್ಣಿನಲ್ಲಿ ಎತ್ತಿ ತಾಗಿಸಿ. ಕೀಲು, ಕೊಳವೆಗಳಿಗೆ ಐದು ನಿಮಿಷದ ಎಪಾಕ್ಸಿ, ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ.

ಗಾಜು, ಹೆಡ್‌ಲೈಟ್, ಕ್ರೋಮ್ ಹತ್ತಿರ ಸೂಪರ್ ಗ್ಲೂ ತರಲೇಬೇಡಿ. ಅದರ ಆವಿ ಕೂತು ಬಿಳಿ ಮಂಜು ಹಿಡಿಯುತ್ತದೆ. ಅಲ್ಲಿ ಪಿವಿಎ, ಇಲ್ಲವೇ ಯುವಿ ರೆಸಿನ್ (ಯುವಿ ಬೆಳಕು ಬಿದ್ದರೆ ಗಟ್ಟಿಯಾಗುವ ಪಾರದರ್ಶಕ ಅಂಟು). ಯುವಿ ರೆಸಿನ್‌ನ ಒಂದು ಹನಿ ಮೀಟರ್ ಡಯಲ್ ಮೇಲೆ ಬಿಟ್ಟರೆ ಗಾಜಿನ ಮುಚ್ಚಳವೂ ಆಯಿತು. ಕ್ಯಾಬಿನ್‌ನೊಳಗೆ ಸೂಪರ್ ಗ್ಲೂ ಬಳಸಿದ್ದರೆ, ಬಾಡಿ ಮುಚ್ಚುವ ಮೊದಲು ಒಂದು ರಾತ್ರಿ ತೆರೆದಿಡಿ. ಇಲ್ಲದಿದ್ದರೆ ಆ ಮಂಜು ಒಳಗಿನಿಂದ ವಿಂಡ್‌ಶೀಲ್ಡ್ ಮೇಲೆ ಕೂರುತ್ತದೆ, ಒರೆಸಲು ಬೆರಳು ಹೋಗುವುದಿಲ್ಲ.